ಮೇಷ್ಟ್ರು ಇಟ್ಟ ಕೆಂಪು ಚುಕ್ಕೆ

“ಬುದ್ಧೀ, ಹುಡುಕುವ ಕಡೆಯೆಲ್ಲ ಹುಡುಕಿದ ಮೇಲೂ ತಪ್ಪು ಎಲ್ಲಿದೆ ಅಂತ ಸಿಗದಿದ್ದರೆ ಏನು ಮಾಡಬೇಕು?”

ಕೇಳಿದವನು ಕೊಟ್ರಯ್ಯ. ಮಠದ ವಿದ್ಯಾರ್ಥಿನಿಲಯದ ಉಸ್ತುವಾರಿ ಅವನದು; ಅಡುಗೆಗೆ ದಿನಸಿ ಅಳೆದು ಕೊಡುವವನೂ ಅವನೇ. ಮಕ್ಕಳ ಊಟ ಸರಿಯಿಲ್ಲವೆಂದು ಮೇಲಿಂದ ಮೇಲೆ ದೂರು ಬರುತ್ತಿತ್ತು. ಒಂದೇ ವರ್ಷದಲ್ಲಿ ಮೂವರು ಅಡುಗೆಯವರನ್ನು ಕಳಿಸಿದ್ದ. ಅಕ್ಕಿಯ ಅಂಗಡಿ ಬದಲಿಸಿದ್ದ. ನೀರಿನ ತೊಟ್ಟಿ ತೊಳೆಸಿದ್ದ. ದೂರು ನಿಂತಿರಲಿಲ್ಲ.

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

“ಎಲ್ಲ ಕಡೆ ಹುಡುಕಿದೆಯಾ?”

“ಎಲ್ಲ ಕಡೆ, ಬುದ್ಧಿ.”

“ಹಾಗಾದರೆ ಕೂತುಕೋ. ಕೆಲಸವಿದೆ ಅಂತ ನಡುವೆ ಏಳುವುದಾದರೆ ಈಗಲೇ ಎದ್ದು ಹೋಗು. ಅರ್ಧ ಕತೆ ಕೇಳಿ ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ.”

ಕೊಟ್ರಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ತಾಲ್ಲೂಕು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ವಾಮದೇವಪ್ಪ ಅಂತ. ಅಕ್ಷರ ತಿದ್ದಿಸುವ ಮೇಷ್ಟ್ರಲ್ಲ. ಐಟಿಐನಲ್ಲಿ ಹುಡುಗರಿಗೆ ವೈರಿಂಗ್ ಕಲಿಸುವವರು. ಆ ಊರಲ್ಲಿ ಕಂಬ ಹತ್ತುವವನು, ಮೋಟಾರು ಕಟ್ಟುವವನು, ಮದುವೆಮನೆಗೆ ಸೀರಿಯಲ್ ಲೈಟು ಹಾಕುವವನು, ಎಲ್ಲರೂ ಅವರ ಕೈಯಲ್ಲಿ ಪಳಗಿದವರೇ. ಬೀದಿಗೆ ಬಂದರೆ ನಾಲ್ಕು ಕಡೆಯಿಂದ ನಮಸ್ಕಾರ ಬೀಳುತ್ತಿತ್ತು. ದಿನಾ ನಮಸ್ಕಾರ ಬಿದ್ದರೆ ಮನುಷ್ಯನ ಕತ್ತು ಕೊಂಚ ಹಿಂದಕ್ಕೆ ವಾಲುತ್ತದೆ, ಕೊಟ್ರಯ್ಯ. ಅವರದೂ ವಾಲಿತ್ತು. ಆದರೆ ಕೆಟ್ಟವರಲ್ಲ. ಹೆಂಡತಿಯೆಂದರೆ ಪ್ರಾಣ ಬಿಡುತ್ತಿದ್ದರು.

ಹೆಂಡತಿ ಹಾಲಮ್ಮ. ಆಕೆಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಊರಿಗೆ ಹೋಗಿ, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಡಯಾಲಿಸಿಸ್ ಅನ್ನುತ್ತಾರಲ್ಲ, ಅದು. ಊರಿಂದ ನಲವತ್ತೆರಡು ಕಿಲೋಮೀಟರು. ಹನ್ನೊಂದು ಗಂಟೆಗೆ ಅಲ್ಲಿರಬೇಕು. ತಡವಾದರೆ ಆ ಹಾಸಿಗೆ ಮುಂದಿನವರಿಗೆ. ಅದು ನ್ಯಾಯವೇ, ಆ ಮುಂದಿನವರದೂ ಜೀವವೇ ತಾನೆ? ಎರಡು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಸಂಚಕಾರ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆಕೆಗೆ ಬಸ್ಸಿನ ಕುಲುಕಾಟ ತಡೆಯುತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಹಳೆಯದೊಂದು ಸಣ್ಣ ಕಾರಿತ್ತು. ಹಾಲಮ್ಮನ ಜೀವ ಆ ಕಾರಿನ ಮೇಲೆ ನಿಂತಿತ್ತು. ಇದು ಆಕೆಗೂ ಗೊತ್ತು, ಮೇಷ್ಟ್ರಿಗೂ ಗೊತ್ತು.

ಒಂದು ದಿನ ಆಕೆ ಹೇಳಿದಳು, “ಏನ್ರೀ, ದಾರೀಲಿ ಎರಡು ಹಾಡು ಇದ್ರೆ ಹೊತ್ತು ಹೋಗುತ್ತೆ ಕಣ್ರೀ. ಸುಮ್ನೆ ಕೂತ್ರೆ ಆ ಸೂಜೀದೇ ಯೋಚನೆ ಬರುತ್ತೆ.”

ಕಾರಿನಲ್ಲಿದ್ದ ಹಳೆಯ ಟೇಪು ಯಾವತ್ತೋ ಮೂಕವಾಗಿತ್ತು. ಮೇಷ್ಟ್ರು ಮಾರನೆಯ ದಿನವೇ ಹೊಸ ಸ್ಟೀರಿಯೊ ತಂದರು. ನಮ್ಮವನೇ ಬಂದು ಕೂರಿಸಿಕೊಡುತ್ತಾನೆ ಸಾರ್ ಎಂದು ಅಂಗಡಿಯವನು ಹೇಳಿದ. ಮೇಷ್ಟ್ರು ಅವನ ಮುಖ ನೋಡಿ ನಕ್ಕರು. ವೈರಿಂಗ್ ಮೇಷ್ಟ್ರ ಗಾಡಿಗೆ ಇನ್ನೊಬ್ಬ ಬಂದು ವೈರು ಕಟ್ಟಿದರೆ ಊರು ನಗುವುದಿಲ್ಲವೇ?

ಅವತ್ತು ದಸರಾ ರಜೆಯ ಶನಿವಾರ. ಬೆಳಿಗ್ಗೆ ಸ್ನಾನ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಮೇಷ್ಟ್ರು ಕಾರಿನೊಳಗೆ ತಲೆ ತೂರಿಸಿದರು. ಹಾಲಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದಳು.

ಈಗ ಸ್ವಲ್ಪ ಗಮನವಿಟ್ಟು ಕೇಳು, ಕೊಟ್ರಯ್ಯ. ನನಗೂ ಇದು ತಿಳಿದಿರಲಿಲ್ಲ. ಮಠದ ಜೀಪು ರಿಪೇರಿಗೆ ಬಂದವನೊಬ್ಬ ನೆಲದ ಮೇಲೆ ಗೆರೆ ಎಳೆದು ತೋರಿಸಿದ ಮೇಲೆ ತಿಳಿಯಿತು. ಸ್ಟೀರಿಯೊಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರೊಂದು ಬೇಕು. ಹಳೆಯ ಟೇಪಿಗೆ ಬರುತ್ತಿದ್ದ ಅಂಥ ವೈರು ಸತ್ತುಹೋಗಿತ್ತು. ಮೇಷ್ಟ್ರು ಟೆಸ್ಟರ್ ಹಿಡಿದು ಹುಡುಕಿದರು. ಕೀಲಿಯಿಂದ ಎಂಜಿನ್ನಿಗೆ ಹೋಗುವ ವೈರೊಂದು ಕೈಗೆ ಸಿಕ್ಕಿತು. ಆ ವೈರಿನಲ್ಲಿ ಕರೆಂಟು ಹೋದರೆ ಎಂಜಿನ್ನಿನಲ್ಲಿ ಕಿಡಿ ಹುಟ್ಟುತ್ತದೆ. ಕಿಡಿ ಹುಟ್ಟಿದರೆ ಗಾಡಿ ಓಡುತ್ತದೆ. ಮೇಷ್ಟ್ರು ಅದನ್ನು ನಡುವೆ ಕತ್ತರಿಸಿದರು. ಎರಡು ತುದಿಗಳ ಜೊತೆಗೆ ಸ್ಟೀರಿಯೊದ ವೈರನ್ನೂ ಸೇರಿಸಿ, ಮೂರನ್ನೂ ಹೊಸೆದು ಒಂದೇ ಜಾಯಿಂಟು ಮಾಡಿದರು.

ಅಂಥ ಜಾಯಿಂಟಿಗೆ ಸೀಸದ ಬೆಸುಗೆ ಹಾಕಬೇಕು. ಬೆಸುಗೆ ಹಾಕುವ ಸಾಮಾನು ಐಟಿಐನಲ್ಲಿತ್ತು. ಐಟಿಐಗೆ ಬೀಗ. ಸೋಮವಾರ ಬಾಗಿಲು ತೆಗೆದಾಗ ತಂದು ಹಾಕಿದರಾಯಿತು ಅಂದುಕೊಂಡರು. ಎಳೆದು ನೋಡಿದರು, ಗಟ್ಟಿಯಾಗಿಯೇ ಇತ್ತು. ಕಪ್ಪು ಟೇಪನ್ನು ಒಂದರ ಮೇಲೊಂದು ಅರ್ಧರ್ಧ ಬರುವಂತೆ ಎಷ್ಟು ಅಂದವಾಗಿ ಸುತ್ತಿದರೆಂದರೆ ನೋಡಿದವರು ಭೇಷ್ ಅನ್ನಬೇಕು.

ಆಮೇಲೆ ಜೇಬಿನಿಂದ ಒಂದು ಪುಟ್ಟ ಶೀಶೆ ತೆಗೆದರು. ಅದರಲ್ಲಿ ಕೆಂಪು ಪೇಂಟು. ಅವರ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಹುಡುಗ ಕಟ್ಟಿದ ಪ್ರತಿ ಜಾಯಿಂಟನ್ನೂ ಮೇಷ್ಟ್ರು ಬಂದು ನೋಡಿ, ಸರಿಯಿದ್ದರೆ ಅದರ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಬಿತ್ತೆಂದರೆ ಪಾಸು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ಅಷ್ಟು ವರ್ಷದ ಕೈಯಭ್ಯಾಸ ನೋಡು, ತಾವು ಕಟ್ಟಿದ ಜಾಯಿಂಟಿನ ಮೇಲೆ ತಾವೇ ಚುಕ್ಕೆ ಇಟ್ಟುಬಿಟ್ಟರು. ಕಟ್ಟಿದವರೂ ಅವರೇ, ಪಾಸು ಮಾಡಿದವರೂ ಅವರೇ.

ಸೋಮವಾರ ಬಂತು. ಬೆಸುಗೆ ನೆನಪಾಗಲಿಲ್ಲ. ಚುಕ್ಕೆ ಬಿದ್ದ ಕೆಲಸ ಅವರ ತಲೆಯಲ್ಲಿ ಮುಗಿದ ಕೆಲಸ.

ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಹಾಲಮ್ಮ ಹಾಡು ಕೇಳುತ್ತಾ ಹೋಗುತ್ತಿದ್ದಳು, ಹಾಡು ಕೇಳುತ್ತಾ ಬರುತ್ತಿದ್ದಳು. ಕೆಲವು ಸಲ ತಾನೂ ದನಿಗೂಡಿಸುತ್ತಿದ್ದಳು. ಮೇಷ್ಟ್ರು ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿ ಖುಷಿಪಡುತ್ತಿದ್ದರು. ಆ ಒಂದು ತಿಂಗಳ ಖುಷಿಯನ್ನು ಅವರಿಂದ ಯಾರೂ ಕಿತ್ತುಕೊಳ್ಳಬಾರದು, ಅದು ನಿಜವಾದ ಖುಷಿ.

ಆಮೇಲೊಂದು ಶುಕ್ರವಾರ, ರಸ್ತೆಯ ಉಬ್ಬು ದಾಟುವಾಗ ಕಾರು ಗಕ್ಕನೆ ನಿಂತಿತು. ಕೀಲಿ ತಿರುಗಿಸಿದರೆ ಎಂಜಿನ್ ಕೊಸರಾಡುತ್ತದೆ, ಹತ್ತುವುದಿಲ್ಲ. ಹತ್ತು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು. ಅವತ್ತು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮುಟ್ಟಿದರು.

ಮನೆಗೆ ಬಂದು ಮೇಷ್ಟ್ರು ಮೀಟರ್ ಹಿಡಿದು ಕೂತರು. ಬ್ಯಾಟರಿ ಸರಿ. ಫ್ಯೂಸುಗಳು ಸರಿ. ಎಲ್ಲ ಕಡೆ ಹನ್ನೆರಡು ವೋಲ್ಟು ತೋರಿಸುತ್ತಿದೆ. ತೋರಿಸದೆ ಏನು? ಗಾಡಿ ಮನೆ ಮುಂದೆ ನೆರಳಲ್ಲಿ ನಿಂತಿದೆ; ಕುಲುಕಿಲ್ಲ, ಬಿಸಿಯಿಲ್ಲ. ರಸ್ತೆಯಲ್ಲಿ ಬಿಸಿಯೇರಿ, ಕುಲುಕಿ, ಹೊಸೆದ ವೈರು ಸಡಿಲವಾದಾಗ ಮಾತ್ರ ಅದರ ಬಂಡವಾಳ ಬಯಲಾಗುವುದು. ಮೇಷ್ಟ್ರು ಬ್ಯಾಟರಿಯ ತುದಿಗಳನ್ನು ಉಜ್ಜಿ ಹೊಳೆಯುವಂತೆ ಮಾಡಿ, ಸಿಕ್ಕಿತು, ಇದೇ ದೋಷ ಅಂದರು.

ಮುಂದಿನ ವಾರ ಮತ್ತೆ ನಿಂತಿತು. ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಮತ್ತೆ ನಿಂತಿತು. ಪ್ಲಗ್ಗು ಬದಲಿಸಿದರು. ಪ್ರತಿ ಸಲವೂ ಸಿಕ್ಕಿತು ಅನ್ನುತ್ತಿದ್ದರು, ಪ್ರತಿ ಸಲವೂ ಗಾಡಿ ಅವರ ಮಾತಿಗೆ ಮಣ್ಣು ಹಾಕುತ್ತಿತ್ತು.

ಹಾಲಮ್ಮ ಓದಿದವಳಲ್ಲ. ಆದರೆ ಕಾರಿನಲ್ಲಿ ಕೂತು ಹಾಡಿಗೇ ಕಿವಿ ಕೊಟ್ಟವಳು. ಒಂದು ಸಂಜೆ ಅವಳು ಹೇಳಿದಳು:

“ಏನ್ರೀ, ಗಾಡಿ ನಿಲ್ಲೋದಕ್ಕೆ ಮುಂಚೆ ಹಾಡು ನಿಲ್ಲುತ್ತೆ ಕಣ್ರೀ. ಹಾಡು ನಿಂತಿದ್ದೇ ತಡ, ಗಾಡಿ ನಿಲ್ಲುತ್ತೆ. ಮೂರು ಸಲಾನೂ ಹಂಗೇ ಆಯ್ತು. ಆ ಹಾಡಿನ ಡಬ್ಬಿ ಒಂದ್ಸಲ ಬಿಚ್ಚಿ ನೋಡಬಾರದೇ?”

“ಗಾಡಿ ನಿಂತರೆ ಹಾಡು ನಿಲ್ಲುತ್ತೆ ಕಣೇ. ಹಾಡು ನಿಂತರೆ ಗಾಡಿ ಯಾಕೆ ನಿಲ್ಲುತ್ತೆ?” ಅಂದರು ಮೇಷ್ಟ್ರು. “ನಿನಗೆ ಇದೆಲ್ಲ ತಿಳಿಯಲ್ಲ. ಅದನ್ನು ಕಟ್ಟಿದ್ದು ನಾನು.”

ಹಾಲಮ್ಮನ ಮುಖ ಸಣ್ಣದಾಯಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಕೊಟ್ರಯ್ಯ, ಎಂಜಿನ್ ತಾನಾಗಿ ನಿಂತರೆ ಹಾಡು ನಿಲ್ಲಬೇಕಾಗಿಲ್ಲ. ಕೀಲಿ ತಿರುಗಿಸಿಯೇ ಇರುತ್ತದೆ, ಬ್ಯಾಟರಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಹಾಡು ತನ್ನ ಪಾಡಿಗೆ ಹಾಡುತ್ತಲೇ ಇರುತ್ತದೆ. ಎರಡೂ ಕೂಡಿಯೇ ಸತ್ತರೆ, ಎರಡೂ ಕೂಡಿದ ಜಾಗದಲ್ಲೇ ರೋಗ. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲವೇ? ಬೇರೆ ಯಾರ ಗಾಡಿಯಾಗಿದ್ದರೂ ಕೂತಲ್ಲೇ ಹೇಳಿಬಿಡುತ್ತಿದ್ದರು. ಎಂಥ ಗ್ರಹಚಾರ ನೋಡು!

ಊರಿನ ಸಂತೆಮೈದಾನದ ಪಕ್ಕ ದಾದಾಪೀರ್ ಅಂತ ಒಬ್ಬ ಇದ್ದ. ಗಾಡಿಗಳ ಲೈಟು, ಹಾರ್ನ್, ಬ್ಯಾಟರಿ ನೋಡುವವನು. ಯಾವ ಐಟಿಐ ಮೆಟ್ಟಿಲೂ ಹತ್ತಿದವನಲ್ಲ, ಗಾಡಿಗಳ ಕೆಳಗೆ ಮಲಗಿಯೇ ಕಲಿತವನು. ದಸರಾಕ್ಕೆ ಮೊದಲು ಮೇಷ್ಟ್ರ ಕಾರಿಗೆ ಹೊಸ ಹಾರ್ನ್ ಹಾಕಿದ್ದು ಅವನೇ. ಮೇಷ್ಟ್ರ ತಲೆಯಲ್ಲಿ ಇದು ಹೊಳೆದದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪರರ ಕೈ ತಗುಲಿದ ಜಾಗ ಅದೊಂದೇ ಅಲ್ಲವೇ!

ಸಂತೆಯ ದಿನವೇ ಅವನ ಅಂಗಡಿ ಮುಂದೆ ಕಾರು ನಿಲ್ಲಿಸಿದರು. ಜನ ಕಿಕ್ಕಿರಿದಿದ್ದರು.

“ಏನೋ ದಾದಾಪೀರ್, ಯಾರ ಗಾಡಿಗೆ ಕೈ ಹಾಕ್ತಿದೀನಿ ಅನ್ನೋ ಖಬರಾದರೂ ಇತ್ತೇನೋ ನಿನಗೆ? ನಿನ್ನ ಹಾರ್ನ್ ವೈರಿಂದ ನನ್ನ ಹೆಂಡತಿ ನಡುದಾರಿಯಲ್ಲಿ ಕೂರೋ ಹಾಗಾಯ್ತು!”

ದಾದಾಪೀರ್ ಕೈ ಒರೆಸಿಕೊಂಡು ಎದ್ದುಬಂದ. ಸಿಟ್ಟಾಗಲಿಲ್ಲ. ಬಾನೆಟ್ ಎತ್ತಿ ಹಾರ್ನಿನ ವೈರು ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, “ಸಾರ್, ಹೊಸ ಸ್ಟೀರಿಯೊ ಹಾಕ್ಸಿದೀರಲ್ಲ. ಅದರ ಹಿಂದೆ ಒಂದ್ಸಲ ನೋಡ್ಲಾ?”

“ಅದನ್ನು ಹಾಕಿರೋದು ನಾನು.”

ಅಷ್ಟು ಕೇಳಿ ದಾದಾಪೀರ್ ಹಿಂದೆ ಸರಿದ. ಮೇಷ್ಟ್ರು ಜನರೆದುರಿಗೇ ಹಾರ್ನನ್ನು ಕಿತ್ತು ಅವನ ಕಾಲಬುಡಕ್ಕೆ ಎಸೆದು ಹೋದರು.

ಇನ್ನು ವಿಧಿಯ ಕುಚೋದ್ಯ ಕೇಳು. ಅದಾದ ಮೇಲೆ ಎರಡು ಸಲ ಕಾರು ಎಲ್ಲೂ ನಿಲ್ಲದೆ ಹೋಗಿಬಂತು. ಮೋಡದ ದಿನಗಳು, ಗಾಡಿ ಬಿಸಿಯೇರಲಿಲ್ಲ, ಅಷ್ಟೇ. ಆದರೆ ಮೇಷ್ಟ್ರಿಗೆ ಸಾಕ್ಷಿ ಸಿಕ್ಕಂತಾಯಿತು. ಕಂಡಕಂಡವರಿಗೆಲ್ಲ ಹೇಳಿದರು, ಹಾರ್ನ್ ಕಿತ್ತೆ, ಗಾಡಿ ಸರಿಹೋಯಿತು ಅಂತ. ಮೇಷ್ಟ್ರ ಮಾತಿಗೆ ಊರಲ್ಲಿ ತೂಕವಿತ್ತು. ದಾದಾಪೀರನ ಅಂಗಡಿ ಮುಂದೆ ನಿಲ್ಲುವ ಗಾಡಿಗಳು ಕಡಿಮೆಯಾದವು.

ಮೂರನೆಯ ಸಲ, ಒಂದು ಶುಕ್ರವಾರ, ಬಿಸಿಲು ಚುರುಗುಟ್ಟುತ್ತಿತ್ತು. ಹದಿನೆಂಟನೆಯ ಕಿಲೋಮೀಟರಿನಲ್ಲಿ ಕಾರು ನಿಂತಿತು. ಅವತ್ತು ಹತ್ತು ನಿಮಿಷಕ್ಕೆ ಏಳಲಿಲ್ಲ. ಒಂದೂವರೆ ತಾಸಿನ ಮೇಲೆ ಎದ್ದಿತು. ಹಾಲಮ್ಮನ ಸರದಿ ಹೋಗಿತ್ತು. ಮಂಗಳವಾರ ತಪ್ಪದೆ ಬನ್ನಿ, ಇನ್ನೊಂದು ತಪ್ಪಿದರೆ ಕಷ್ಟ ಎಂದು ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದರು.

ಮೇಷ್ಟ್ರಿಗೆ ಆಗ ಹೆದರಿಕೆಯಾಯಿತು. ಶನಿವಾರ, ಭಾನುವಾರ ಊಟ ಸೇರಲಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲನ್ನೇ ಹೊಸದಾಗಿ ತಂದು ಕೂರಿಸಿದರು. ಬ್ಯಾಟರಿಯಿಂದ ಹಿಡಿದು ಒಂದೊಂದೇ ವೈರನ್ನು ಬೆರಳಲ್ಲಿ ಸವರುತ್ತಾ ಬಂದರು. ಭಾನುವಾರ ಮಧ್ಯಾಹ್ನ, ಬಹುಶಃ ಹೆಂಡತಿ ಹೇಳಿದ್ದ ಮಾತು ಮನಸ್ಸಿನ ಮೂಲೆಯಲ್ಲಿ ಚುಚ್ಚಿರಬೇಕು, ಸ್ಕ್ರೂ ತಿರುಗಿಸಿ ಸ್ಟೀರಿಯೊವನ್ನೂ ಹೊರಗೆಳೆದರು. ಟಾರ್ಚು ಬಿಟ್ಟು ನೋಡಿದರು.

ಅಂದವಾದ ಕಪ್ಪು ಟೇಪು. ಅದರ ಮೇಲೆ ಕೆಂಪು ಚುಕ್ಕೆ.

ಚುಕ್ಕೆ ಕಂಡ ಮೇಲೆ ಬಿಚ್ಚುವುದೇನು? ಮೇಷ್ಟ್ರು ಸ್ಟೀರಿಯೊವನ್ನು ಮೊದಲಿನಂತೆ ಒಳಗೆ ತಳ್ಳಿ ಸ್ಕ್ರೂ ಬಿಗಿದರು. ಒಂದು ಗೇಣು ದೂರದಲ್ಲಿತ್ತು ಆ ಜಾಯಿಂಟು. ಉಗುರಿನಿಂದ ಟೇಪಿನ ತುದಿ ಎಬ್ಬಿಸಿದ್ದರೆ ಸಾಕಿತ್ತು.

ಮಂಗಳವಾರ ಬೆಳಿಗ್ಗೆ ಹಾಲಮ್ಮನ ಕಾಲು ಬಾತುಕೊಂಡು ಚಪ್ಪಲಿ ಹಿಡಿಯಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಿಂದಿನ ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ಇದ್ದಳು. ಮೇಷ್ಟ್ರು ಕಾರು ತೆಗೆಯುವಾಗ ಗೇಟಿನ ಹತ್ತಿರ ಒಂದು ವ್ಯಾನು ಬಂದು ನಿಂತಿತು. ಇಳಿದವನು ದಾದಾಪೀರ್.

“ಸಾರ್, ಅಮ್ಮಾವ್ರಿಗೆ ಹುಷಾರಿಲ್ಲ ಅಂತ ಕೇಳಿದೆ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ ಸಾರ್, ಅದು ಆಮೇಲೆ ನೋಡೋಣ. ಇವತ್ತೊಂದಿನ ಈ ಗಾಡೀಲಿ ಕರ್ಕೊಂಡು ಹೋಗೋಣ, ನಾನೇ ಓಡಿಸ್ತೀನಿ.”

ಹಾಲಮ್ಮ ಗಂಡನ ಮುಖ ನೋಡಿದಳು. ಆ ವ್ಯಾನು ಹತ್ತಿದರೆ ಏನಾಗುತ್ತಿತ್ತು? ಸಂತೆಯಲ್ಲಿ ಆಡಿದ ಮಾತನ್ನು ನುಂಗಿಕೊಳ್ಳಬೇಕಾಗುತ್ತಿತ್ತು, ಅಷ್ಟೇ.

“ಬೇಡ. ನನ್ನ ಗಾಡಿ ಸರಿಯಾಗಿದೆ,” ಅಂದರು ಮೇಷ್ಟ್ರು. “ಕಾಯಿಲ್ ಬದಲಿಸಿದೀನಿ.”

ಹಾಲಮ್ಮ ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕೂತಳು. ಅವಳು ಹಾಡು ಹಾಕಿ ಅನ್ನಲಿಲ್ಲ. ಅವಳಿಗೆ ಹಿತವಾಗಲೆಂದು ಮೇಷ್ಟ್ರೇ ಹಾಕಿದರು.

ಇಪ್ಪತ್ತಾರನೆಯ ಕಿಲೋಮೀಟರು. ಎರಡೂ ಕಡೆ ಜಾಲಿ, ಹತ್ತಿರದಲ್ಲಿ ಊರಿಲ್ಲ. ಹಾಡು ಗಕ್ಕನೆ ನಿಂತಿತು. ಮರುಕ್ಷಣ ಎಂಜಿನ್ ನಿಂತಿತು.

ಹಾಲಮ್ಮನಿಗೆ ಮಾತಾಡುವಷ್ಟು ಉಸಿರೂ ಇರಲಿಲ್ಲ.

ಮೇಷ್ಟ್ರು ಬಾನೆಟ್ ಎತ್ತಿದರು. ಆತುರದಲ್ಲಿ ಮೀಟರಿನ ಕಡ್ಡಿ ಜಾಗಕ್ಕೆ ತಗುಲುತ್ತಿರಲಿಲ್ಲ. ಒಂದು ಲಾರಿ ಹೋಯಿತು. ಕೈ ಅಡ್ಡ ಹಾಕಲಿಲ್ಲ. ದೋಷ ಇನ್ನೇನು ಸಿಗುತ್ತದೆ ಅನ್ನಿಸಿತ್ತು. ಒಂದು ಹಾಲಿನ ವ್ಯಾನು ಹೋಯಿತು. ಆಗಲೂ ತಲೆ ಎತ್ತಲಿಲ್ಲ. “ಆಯ್ತು ಹಾಲೂ, ಎರಡು ನಿಮಿಷ, ಎರಡೇ ನಿಮಿಷ,” ಅಂತ ಬಾನೆಟ್ಟಿನ ಆಚೆಯಿಂದ ಕೂಗಿ ಕೂಗಿ ಹೇಳುತ್ತಿದ್ದರು. ಬ್ಯಾಟರಿಯ ತುದಿ ಬಿಚ್ಚಿದರು, ಕಟ್ಟಿದರು. ಹೊಸ ಕಾಯಿಲಿನ ವೈರು ಕಿತ್ತರು, ಸಿಕ್ಕಿಸಿದರು. ಹೀಗೆ ಎಷ್ಟು ಹೊತ್ತು ಕಳೆಯಿತೋ ಅವರಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಒಳಗೆ ಆ ಜಾಯಿಂಟು ತಣ್ಣಗಾಯಿತು. ಕೀಲಿ ತಿರುಗಿಸಿಯೇ ಇತ್ತಲ್ಲ, ಸಡಿಲವಾಗಿದ್ದ ವೈರು ತಾನಾಗಿ ಮತ್ತೆ ತಾಕಿತು. ನಿಂತಿದ್ದ ಹಾಡು ತಟ್ಟನೆ ಶುರುವಾಯಿತು.

ಮೇಷ್ಟ್ರು ತಾವು ಆಗತಾನೆ ಮುಟ್ಟಿದ ವೈರಿನದೇ ತಪ್ಪು ಅಂದುಕೊಂಡರು. ಮುಖ ಅರಳಿತು. “ಸಿಕ್ತು ಹಾಲೂ! ಸಿಕ್ತು ಕಣೇ!” ಅನ್ನುತ್ತಾ ಮೀಟರನ್ನು ಅಲ್ಲೇ ಬಿಟ್ಟು ಓಡಿಬಂದು ಹಿಂದಿನ ಬಾಗಿಲು ತೆಗೆದರು.

ಹಾಲಮ್ಮನ ತಲೆ ಗಾಜಿಗೆ ಒರಗಿತ್ತು. ಕಣ್ಣು ಅರೆ ತೆರೆದಿದ್ದವು. ಹಾಡು ಜೋರಾಗಿಯೇ ಹಾಡುತ್ತಿತ್ತು. ಮೇಷ್ಟ್ರು ಕೈ ಹಿಡಿದು ಅಲ್ಲಾಡಿಸಿದರು, ಕೆನ್ನೆ ತಟ್ಟಿದರು, ಹೆಸರು ಹಿಡಿದು ಕರೆದರು. ಅಯ್ಯೋ, ಎಲ್ಲಿಯ ಹಾಲಮ್ಮ! ಆಕೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಮೂರನೆಯ ದಿನ ದಾದಾಪೀರ್ ಮೇಷ್ಟ್ರ ಮನೆಗೆ ಬಂದ. ರಸ್ತೆಯ ಬದಿಯಲ್ಲಿ ಉಳಿದಿದ್ದ ಕಾರನ್ನು ಹಗ್ಗ ಕಟ್ಟಿ ಊರಿಗೆ ಎಳೆದು ತಂದವನು ಅವನೇ. ಪಡಸಾಲೆಯಲ್ಲಿ ನೆಂಟರಿದ್ದರು, ಐಟಿಐನವರಿದ್ದರು. ದಾದಾಪೀರನನ್ನು ಕಂಡದ್ದೇ ಮೇಷ್ಟ್ರ ಕಣ್ಣು ಕೆಂಪಾಯಿತು. ನಿನ್ನ ಹಾರ್ನಿನಿಂದ ಶುರುವಾದದ್ದು ಕಣೋ ಇದೆಲ್ಲ ಅಂದರು. ಅಷ್ಟಾದ ಮೇಲೂ ಅಂದರು.

ದಾದಾಪೀರ್ ಬಾಗಿಲಾಚೆ ಕೈ ತೋರಿಸಿದ. “ಸಾರ್, ಗಾಡಿ ಹೊರಗೆ ನಿಲ್ಸಿದೀನಿ. ಒಂದ್ಸಲ ಬಂದು ನೀವೇ ನೋಡಿ. ನಾನು ಸ್ಟೀರಿಯೊ ಹೊರಗೆ ಎಳೆದಿದೀನಿ ಅಷ್ಟೇ, ಟೇಪಿಗೆ ಕೈ ಹಚ್ಚಿಲ್ಲ. ನಾನು ಬಿಚ್ಚಿದ್ರೆ ನಾನೇ ಸಡಿಲ ಮಾಡಿದೆ ಅಂತೀರಿ,” ಅಂದ.

ಬರಬಾರದೆಂದೇ ಮೇಷ್ಟ್ರು ಕೂತಿದ್ದರು. ಆದರೆ ಅಷ್ಟು ಜನ ನೋಡುತ್ತಿದ್ದರು, ಎದ್ದು ಹೋದರು. ಕಾರಿನಲ್ಲಿ ಕೂತರು. ಸ್ಟೀರಿಯೊ ಇದ್ದ ಜಾಗ ತೆರೆದಿತ್ತು. ಟೇಪು ಇತ್ತು, ಚುಕ್ಕೆ ಇತ್ತು. ಚುಕ್ಕೆಯ ಪಕ್ಕದಲ್ಲಿ ಟೇಪು ಬಿಸಿಗೆ ಸುಕ್ಕುಗಟ್ಟಿತ್ತು. ಭಾನುವಾರವೂ ಸುಕ್ಕುಗಟ್ಟಿಯೇ ಇತ್ತು; ಕಣ್ಣಿಗೆ ಚುಕ್ಕೆ ಮಾತ್ರ ಬಿದ್ದಿತ್ತು. ಉಗುರಿನಿಂದ ತುದಿ ಎಬ್ಬಿಸಿ ಟೇಪು ಬಿಚ್ಚಿದರು. ಒಳಗೆ ವೈರು ಕಪ್ಪಿಟ್ಟಿತ್ತು. ಎಳೆಯುವುದೇ ಬೇಡವಾಯಿತು, ಮೂರು ತುದಿಗಳೂ ಅವರ ಅಂಗೈ ಮೇಲೆ ತಾವಾಗಿಯೇ ಬೇರೆಬೇರೆಯಾದವು.

ದಾದಾಪೀರ್ ಬಾಗಿಲ ಹತ್ತಿರ ನಿಂತಿದ್ದ. ಎದುರಿಗೆ ಅಷ್ಟು ಜನ. ಒಂದು ಮಾತು ಆಡಿದ್ದರೆ ಅವನ ಅವಮಾನವೆಲ್ಲ ತೊಳೆದು ಹೋಗುತ್ತಿತ್ತು. ಅವನು ಆಡಲಿಲ್ಲ.

“ಅವಳು ಹೇಳಿದ್ದಳು ಕಣೋ,” ಅಂದರು ಮೇಷ್ಟ್ರು. “ಹಾಡು ಮೊದಲು ನಿಲ್ಲುತ್ತೆ ಅಂತ ಅವಳು ಹೇಳಿದ್ದಳು.”

ಹೇಳಿ ಸ್ಟೀರಿಂಗಿಗೆ ತಲೆ ಕೊಟ್ಟು ಅತ್ತರು. ಹೆಣ ಎತ್ತುವಾಗಲೂ ಅತ್ತಿರದ ಮನುಷ್ಯ ಅವತ್ತು ಗಂಡಸೆಂಬ ಹಮ್ಮು ಬಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ದಾದಾಪೀರ್ ಅವರ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದ.

ತಿಥಿ ಕಳೆದ ಮೇಲೆ ಮೇಷ್ಟ್ರು ಸಂತೆಮೈದಾನಕ್ಕೆ ಹೋಗಿ, ಅವನನ್ನು ಬೈದಿದ್ದ ಜಾಗದಲ್ಲೇ ನಿಂತು, ತಪ್ಪು ನನ್ನದು ಎಂದು ಗಟ್ಟಿಯಾಗಿ ಹೇಳಿದರು. ಬೈದಾಗ ಇಡೀ ಸಂತೆ ಕೇಳಿತ್ತು. ಈ ಮಾತು ಕೇಳಲು ಅಲ್ಲಿದ್ದವರು ನಾಲ್ಕು ಜನ. ದಾದಾಪೀರ್ ಆಮೇಲೆ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದ. ಮೇಷ್ಟ್ರು ಕಾರನ್ನು ಮತ್ತೆ ಮುಟ್ಟಲಿಲ್ಲ. ಆ ಗಾಡಿ ಮನೆ ಮುಂದೆಯೇ ನಿಂತು ತುಕ್ಕು ಹಿಡಿಯಿತು.

ಇಷ್ಟು ಹೇಳಿ ಗುರುಗಳು ಕನ್ನಡಕ ಹಾಕಿಕೊಂಡರು.

ಕೊಟ್ರಯ್ಯನ ಕಣ್ಣು ಒದ್ದೆಯಾಗಿದ್ದವು. ಅದರ ಜೊತೆಗೆ ಸಿಟ್ಟೂ ಬಂದಿತ್ತು.

“ಎಂಥ ಮನುಷ್ಯ, ಬುದ್ಧಿ! ಹೆಂಡತಿ ಬಾಯಿಬಿಟ್ಟು ಹೇಳಿದಳು, ದಾದಾಪೀರ್ ಕೈಮುಗಿದಂತೆ ಹೇಳಿದ. ಎಲ್ಲ ಬಿಟ್ಟು ಕಂಡವರ ಕೆಲಸ ಹುಡುಕುತ್ತಾ ಹೋದರಲ್ಲ. ಮೊದಲು ನಮ್ಮ ಕೈಯಾರೆ ಮಾಡಿದ ಜಾಯಿಂಟನ್ನೇ ಬಿಚ್ಚಿ ನೋಡಬೇಕು, ಆಮೇಲೆ ಬೇರೆಯವರದು. ಇಷ್ಟು ತಿಳಿಯದವರು ಅದೆಂಥ ಮೇಷ್ಟ್ರು?”

ಗುರುಗಳು ಅವನ ಮುಖವನ್ನೇ ನೋಡಿದರು.

“ಮೂವತ್ತೊಂದು ವರ್ಷ, ಹೊಸ ಹುಡುಗರು ಬಂದ ಮೊದಲ ದಿನ, ಆ ಮೇಷ್ಟ್ರು ಹೇಳಿಕೊಡುತ್ತಿದ್ದ ಮೊದಲ ಪಾಠ ಇದೇ ಮಾತು, ಕೊಟ್ರಯ್ಯ.”